ನಂಗೆ ಬಿದ್ದಾಗ ಯಾವ ಹಾಡೂ ಬರ್ಲಿಲ್ಲ

ಮೊನ್ನೆ ಶಿಡ್ಲಘಟ್ಟದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಟ್ಟಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದಿದ್ದೇ ತಡ, ಎಂದೋ ಕೆಡವಿಹಾಕಿದ ನಮ್ಮ ಹಳೆಯ ಮನೆ ಕಣ್ಣೆದುರು ಬಂತು. ನಡುಮನೆ ತುಂಬ ರೇಷ್ಮೆಹುಳುಗಳ ತಟ್ಟೆ, ಅವು ಸೊಪ್ಪು ಮೇಯುವ ಸರಸರ ಸದ್ದು, ನಡುವೆ ಸೆರಗು ಸಿಕ್ಕಿಸಿ ನಿಂತ ಗಂಗತ್ತೆ. ಘಾಟಿಗೆ ಹುಳು ನೋಯುತ್ತವೆಂದು ಆ ತಿಂಗಳಿಡೀ ನಮ್ಮಲ್ಲಿ ಒಗ್ಗರಣೆಯನ್ನೇ ಹಾಕುತ್ತಿರಲಿಲ್ಲ. ಸಪ್ಪೆ ಸಾರಿಗೆ ನಾನು ಮುಖ ಸಿಂಡರಿಸಿದರೆ ಅತ್ತೆ, "ಅವೂ ಮಕ್ಕಳೇ ಕಣಮ್ಮ, ಉಣ್ಣು" ಅನ್ನುತ್ತಿದ್ದಳು. ಅಪ್ಪನ ತಂಗಿ ಅವಳು. ಗಂಡನ ಏಟು ತಾಳಲಾರದೆ ತವರಿಗೆ ಬಂದಿದ್ದಳು. ಹುಳು ಸಾಕೋಕೆ ಬಂದವ್ಳೆ ಎಂದು ಅಜ್ಜಿ ಊರಿಗೆಲ್ಲ ಹೇಳಿದ್ದಳು. ವಾಪಸ್ ಕಳಿಸಬೇಡಿ ಅನ್ನುವುದೊಂದೇ ಅತ್ತೆಯ ಬೇಡಿಕೆ.

ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಟ್ಟ ಭಾನುವಾರ ಅತ್ತೆಯ ಗಂಡ, ನಮ್ಮ ಮಾವ, ಅವಳನ್ನು ಕರೆದೊಯ್ಯಲು ಬಂದ. ಎಲ್ಲರೂ ಟೀವಿ ಮುಂದೆ ಕೂತಿದ್ದೆವು. ಸಿನಿಮಾದಲ್ಲಿ ಎದುರುತ್ತರ ಕೊಟ್ಟ ಹುಡುಗಿಗೆ ಹೀರೋ ಫಟಾರನೆ ಬಾರಿಸಿದ. ಹಿಂದೆಯೇ ಹಾಡು! ಪ್ಯಾಂಟು ಹಾಕಿದ್ದವಳು ಸೀರೆಯುಟ್ಟು, ಹೂ ಮುಡಿದು ಅವನ ಹಿಂದೆ ಕುಣಿಯತೊಡಗಿದಳು. ಮಾವ ತೊಡೆ ತಟ್ಟಿ ನಕ್ಕ. "ನೋಡಿದ್ಯೇನೇ? ಒಂದು ಬಿದ್ರೆ ಎಲ್ಲಾ ಸರಿಹೋಗ್ತಾರೆ." ಅಜ್ಜಿಯೂ ಅಪ್ಪನೂ ನಕ್ಕರು. ಏಳು ವರ್ಷದ ನಾನು ಚಪ್ಪಾಳೆ ತಟ್ಟಿದೆ. ಅತ್ತೆ ಎದ್ದು ಟೀವಿ ಆರಿಸಿದಳು. "ನಂಗೆ ಬಿದ್ದಾಗ ಯಾವ ಹಾಡೂ ಬರ್ಲಿಲ್ಲ ಕಣಣ್ಣ" ಅಂದಳು. "ಊರ್ಕೋವೇ!" ಎಂದು ಅಜ್ಜಿ ತೆಲುಗಿನಲ್ಲಿ ಗದರಿ ಅವಳ ಬಾಯಿ ಮುಚ್ಚಿಸಿದಳು. ಗೂಡು ಬಿಡಿಸುವವರೆಗೂ ಅವಳನ್ನು ಇಟ್ಟುಕೊಳ್ಳಲಿಲ್ಲ, ಮರುದಿನವೇ ಮಡಿಲು ತುಂಬಿ ಕಳಿಸಿಬಿಟ್ಟರು. ಥೂ! ಹುಳುವಿಗೆ ನೋವಾದೀತೆಂದು ಒಗ್ಗರಣೆ ಬಿಟ್ಟಿದ್ದ ಮನೆ ಅದು. ಹೊರಡುವಾಗ ಅತ್ತೆ ನನ್ನ ಎರಡೂ ಕೈ ಹಿಡಿದು, "ಇನ್ಮೇಲೆ ಅದಕ್ಕೆ ಚಪ್ಪಾಳೆ ತಟ್ಬೇಡ ಕಣಮ್ಮ" ಅಂದಳು. ಮತ್ತೆಂದೂ ಅವಳು ಹುಳುವಿನ ಕೆಲಸಕ್ಕೆ ಬರಲಿಲ್ಲ. ಹೋದ ವರ್ಷ ಗಂಡನ ಮನೆಯಲ್ಲೇ ತೀರಿಕೊಂಡಳು.

ಆ ಬಸ್ಸಿನಲ್ಲೇ, ಮುಂದಿನ ಸೀಟಿನ ಕಾಲೇಜು ಹುಡುಗರ ಮೊಬೈಲಿನಲ್ಲಿ ಮತ್ತೆ ಅಂಥದೇ ಏಟು, ಹಿಂದೆಯೇ ಹಾಡು. "ಮಾಸ್ ಮಗಾ!" ಎಂದು ಕೇಕೆ ಹಾಕಿದರು. ಕಾಲ ಬದಲಾಗಿದೆಯಂತೆ, ಹೇಳುವವರ ಬಾಯಿಗೆ ಬೂದಿ ಬೀಳ! ಮೈ ಉರಿದುಹೋಯಿತು. "ನಿಲ್ಸ್ರಪ್ಪ ಅದನ್ನ" ಅಂದೆ.

"ಸಿನಿಮಾ ಅಷ್ಟೇ ಆಂಟಿ" ಅಂದ ಒಬ್ಬ, ನಗುತ್ತಲೇ.

ಮಡಿಲಲ್ಲಿದ್ದ ನನ್ನ ಕೈಗಳನ್ನು ನೋಡಿಕೊಂಡೆ. ಅತ್ತೆ ಹಿಡಿದದ್ದು ಈ ಕೈಗಳನ್ನೇ. ಅಂದು ಚಪ್ಪಾಳೆ ತಟ್ಟಿದ್ದೂ ಇವೇ.