ರಿಯ ತಲೆಯ ಮೇಲಿನ ಚುಕ್ಕೆ

ಇನ್ನಂಜೆಯ ಕುಶಲಾ ಟೀಚರ್ ಮೂವತ್ತು ವರ್ಷ ಪಿಟೀಲು ಕಲಿಸಿದ್ದು ಒಂದೇ ಪುಸ್ತಕದಿಂದ. ತೀರಿಹೋದ ಅವರ ಗುರುಗಳು ಜೋಡಿ ಪಿಟೀಲಿಗೆಂದು ಸ್ವರ ಹಾಕಿದ ಪುಸ್ತಕ ಅದು. ಅದರ ಎರಡನೆಯ ಮುದ್ರಣಕ್ಕೆ ತಪ್ಪು ತಿದ್ದುವ ಕೆಲಸವೂ ಈಗ ಅವರ ತಲೆಗೇ ಬಂದಿತ್ತು. ಕಣ್ಣು ಉರಿಯುತ್ತಿತ್ತು, ಬೆನ್ನು ಸೋತಿತ್ತು.

ನಲವತ್ತನೆಯ ಪುಟದಲ್ಲಿ ಒಂದು ‘ರಿ’ಯ ಮೇಲೆ ಚುಕ್ಕೆಯಿದೆ. ಮೇಲಿನ ಸ್ಥಾಯಿಗೆ ಹಾರಬೇಕು ಎಂದು ಅದರ ಅರ್ಥ. ಆ ಹಾರಿಕೆ ಟೀಚರ ಕಿವಿಗೆ ಎಂದೂ ಒಗ್ಗಿರಲಿಲ್ಲ. ಆದರೂ ಗುರುಗಳು ಬರೆದದ್ದಲ್ಲವೇ ಎಂದು, ಹಾರದೆ ನುಡಿಸಿದ ಶಿಷ್ಯೆ ಅಕ್ಷಿತಾಳ ಬೆರಳಿಗೆ ಒಮ್ಮೆ ಕಮಾನಿನಿಂದಲೇ ಹೊಡೆದಿದ್ದರು.

ಗುರುಗಳ ಮಗಳು ಕಾರ್ಕಳದಿಂದ ಮೂಲ ಕೈಬರಹ ಕಳಿಸಿದ್ದಳು. ಅದರಲ್ಲಿ ಸ್ವರಗಳೆಲ್ಲ ನೀಲಿ ಶಾಯಿಯವು, ಆ ಚುಕ್ಕೆ ಮಾತ್ರ ಕೆಂಪು. ಅಂಚಿನಲ್ಲಿ ಅಂಥವೇ ಇನ್ನೆರಡು ಹನಿ. ಗುರುಗಳು ಬರೆಯುವಾಗಲೂ ಎಲೆಯಡಿಕೆ ಜಗಿಯುವವರು. ಅಚ್ಚಿನಲ್ಲಿ ಎಲ್ಲವೂ ಕಪ್ಪಾಗಿತ್ತು. ಇಷ್ಟು ವರ್ಷ ತಾನು ಕಲಿಸಿದ್ದು ಗುರುಗಳ ಉಗುಳನ್ನು!

ಟೀಚರ್ ಚುಕ್ಕೆ ಹೊಡೆದುಹಾಕಿ ಮಣಿಪಾಲದಲ್ಲಿರುವ ಅಕ್ಷಿತಾಳಿಗೆ ಫೋನ್ ಮಾಡಿದರು.

“ಆ ರಿ ಉಂಟಲ್ಲ, ಅಂದು ನೀನು ನುಡಿಸಿದ್ದೇ ಸರಿ ಮಾರಾಯ್ತಿ.”

“ಯಾವ ರಿ ಟೀಚರ್? ಪಿಟೀಲು ಬಿಟ್ಟು ಹನ್ನೆರಡು ವರ್ಷವಾಯಿತಲ್ಲ,” ಅಕ್ಷಿತಾ ನಕ್ಕಳು. “ನನಗೆ ಆ ಪೆಟ್ಟು ಮಾತ್ರ ನೆನಪುಂಟು.”