ಅಣ್ಣ ಕೊಟ್ಟ ಟೈಲ್ಸು, ನಾವು ಹಾಕಿಸಿದ ಪ್ಯಾನೆಲ್ಲು

ನಮ್ಮ ಬಚ್ಚಲದ ಗೋಡೆಯಿಂದ ಟೈಲ್ಸ್ ಬಿದ್ದ ದಿನ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ನಾನು ಅಬ್ಬಿಗೇರಿಯ ಶಾಲೆಯಲ್ಲಿ ಕಲಿಸುತ್ತೇನೆ. ಮನೆ ರೋಣದಲ್ಲಿ. ಬೆಳಗಿನ ಬಸ್ಸು ತಪ್ಪಿದರೆ ಪ್ರಾರ್ಥನೆಯ ಹೊತ್ತಿಗೆ ಮುಟ್ಟುವುದಿಲ್ಲ. ಡಬ್ಬಿಗೆ ರೊಟ್ಟಿ ಹಾಕಿಕೊಳ್ಳುತ್ತಿದ್ದಾಗ ಬಚ್ಚಲದಿಂದ ಕಪ್ಪುಬಶಿ ಒಡೆದಂಥ ಸದ್ದು ಬಂತು. ಒಳಗೆ ಅತ್ತೆ ಜಳಕ ಮಾಡುತ್ತಿದ್ದರು. ನಾನು ಓಡಿಹೋಗಿ ಬಾಗಿಲು ಬಡಿದೆ.

"ಏನಾತ್ರಿ ಅತ್ತಿ?"

"ಏನಿಲ್ಲ, ಗ್ವಾಡಿ ಬಿತ್ತು," ಎಂದರು ಒಳಗಿನಿಂದ, ಹಾಲು ಉಕ್ಕಿತು ಅಂದಷ್ಟೇ ಸಮಾಧಾನದಲ್ಲಿ.

ಬಿದ್ದದ್ದು ಗೋಡೆಯಲ್ಲ, ಎರಡು ಟೈಲ್ಸು. ಒಂದರ ಚೂರು ಅವರ ಪಾದಕ್ಕೆ ತಾಗಿ ರಕ್ತ ಬಂದಿತ್ತು. ನಾನು ಅರಿಶಿನ ಒತ್ತಿ ಬಟ್ಟೆ ಕಟ್ಟುತ್ತಿದ್ದರೆ ಅವರು, "ನಿನ್ನ ಬಸ್ ಹೋಗತೈತಿ, ನಡಿ," ಎಂದು ನನ್ನನ್ನೇ ಅವಸರಪಡಿಸಿದರು. ಆ ದಿನ ಬಸ್ಸು ಹೋಯಿತು. ನಾನು ಅದರ ಹಿಂದೆ ಬಂದ ಬಸ್ಸಿಗೆ ಹೋದೆ.

ಆ ಗೋಡೆಯ ಟೈಲ್ಸ್ ಕೈಕೊಟ್ಟದ್ದು ಅದೇ ಮೊದಲಲ್ಲ. ನಮ್ಮ ಮನೆ ಊರ ಅಂಚಿನಲ್ಲಿದೆ. ನಾವು ಕಟ್ಟಿಸುವ ಮೊದಲು ಅಲ್ಲಿ ಜೋಳ, ಕಡಲೆ ಬೆಳೆಯುತ್ತಿದ್ದರು. ಅಪ್ಪಟ ಎರೆಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ, ಮಳೆ ಬಂದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇಲೆ ಮನೆ ಕಟ್ಟಿದ್ದಾರೆಂದು ಅದು ತನ್ನ ಸ್ವಭಾವ ಬಿಡಲಿಲ್ಲ. ಒಳಗಿನ ಗೋಡೆಗಳು ಹೇಗೋ ತಡೆದುಕೊಂಡವು. ಹಿಂದಿನ ಬಚ್ಚಲದ ಗೋಡೆ ಮಾತ್ರ, ಒಂದು ಮಗ್ಗುಲಿಗೆ ಸದಾ ನೀರು, ಇನ್ನೊಂದು ಮಗ್ಗುಲಿಗೆ ಬಿಸಿಲು, ಹೀಗಾಗಿ ವರ್ಷಕ್ಕೊಮ್ಮೆ ಮಿಸುಕಾಡುತ್ತಿತ್ತು. ಟೈಲ್ಸಿಗೆ ಮಿಸುಕಾಡಲು ಬರುವುದಿಲ್ಲ. ಒಡೆಯುತ್ತದೆ, ಇಲ್ಲವೇ ಬಿಟ್ಟು ಬರುತ್ತದೆ.

ಆ ಟೈಲ್ಸ್ ಕೊಟ್ಟವನು ನನ್ನ ಅಣ್ಣ. ನನ್ನ ತವರು ಗಜೇಂದ್ರಗಡ. ಅಣ್ಣನದು ಅಲ್ಲಿ ಟೈಲ್ಸ್ ಅಂಗಡಿ. ನಾವು ಮನೆ ಕಟ್ಟಿಸುವ ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ತಳಪಾಯ ಹಾಕಿದ ದಿನ ಅಣ್ಣ ಬಂದು, "ಅಡಗಿಮನಿ, ಬಚ್ಚಲ, ಎರಡೂ ನನ್ನ ಕಡಿಂದ," ಎಂದು ಹೇಳಿ ಹೋದ. ಹೇಳಿದಂತೆಯೇ ಟೆಂಪೋದಲ್ಲಿ ಟೈಲ್ಸ್ ಹೇರಿಕೊಂಡು ಬಂದ. ಜೊತೆಗೆ ತನ್ನ ನಂಬುಗೆಯ ಗೌಂಡಿಯನ್ನೂ ಕರೆತಂದು, ಎರಡು ದಿನ ಮುಂದೆ ನಿಂತು ಕೆಲಸ ಮಾಡಿಸಿದ. ಬಚ್ಚಲಕ್ಕೆ ತಿಳಿಹಸಿರು ಬಣ್ಣದವು, ನಡುವೆ ಒಂದು ಸಾಲು ಹೂವಿನವು. ಗೃಹಪ್ರವೇಶಕ್ಕೆ ಬಂದ ಹೆಂಗಸರೆಲ್ಲ ದೇವರ ಮನೆಗಿಂತ ಬಚ್ಚಲವನ್ನೇ ಹೆಚ್ಚು ಹೊತ್ತು ನೋಡಿದರು.

ಮೊದಲ ಸಲ ಸೀಳಿದಾಗ ಅಣ್ಣ ಗೌಂಡಿಯನ್ನು ಬೈದ. ತಾನೇ ಬಂದು ಅಂಥವೇ ಹೊಸ ಟೈಲ್ಸ್ ಹಾಕಿಸಿದ. ಆ ಸಲ ಸಿಮೆಂಟಿನ ಬದಲು ಚೀಲದಲ್ಲಿ ಬರುವ ಅಂಟು. "ಇನ್ನ ನಿಮ್ಮ ಮನಿ ಬಿದ್ರೂ ಟೈಲ್ಸ್ ಬೀಳಂಗಿಲ್ಲ," ಎಂದಿದ್ದ. ಗಜೇಂದ್ರಗಡ ಗುಡ್ಡದ ಮಗ್ಗುಲಿನ ಊರು. ತಳಪಾಯಕ್ಕೆ ಅಗೆದರೆ ಕಲ್ಲು ಹತ್ತುತ್ತದೆ. ಅಲ್ಲಿ ಅವನು ಹಚ್ಚಿಸಿದ ಟೈಲ್ಸ್ ಒಂದೂ ಬಿದ್ದಿಲ್ಲ. ನೆಲವೇ ಅಲುಗಾಡುತ್ತದೆ ಎಂದರೆ ಅವನಿಗೆ ಅದು ನೆಪದ ಮಾತು ಅನ್ನಿಸುತ್ತಿತ್ತು.

ಅತ್ತೆಯ ಪಾದದ ಗಾಯ ಬೇಗ ಮಾಯಿತು. ಆದರೆ ಅವರ ಮೊಣಕಾಲು ಮೊದಲೇ ಸವೆದಿತ್ತು. ಗದಗಿನ ಡಾಕ್ಟರು, ಕೆಳಗೆ ಮಣೆಯ ಮೇಲೆ ಕುಳಿತು ಏಳುವುದು ಇನ್ನು ಸಾಕು, ಕುರ್ಚಿಯ ಮೇಲೆ ಕುಳಿತು ಶವರಿನಲ್ಲಿ ಜಳಕ ಮಾಡಲಿ ಎಂದಿದ್ದರು. ಹೇಗೂ ಬಚ್ಚಲವನ್ನು ಹೊಸದಾಗಿ ಮಾಡಿಸಲೇಬೇಕಿತ್ತು. ನಮ್ಮ ಮನೆಯವರದು ಬಜಾರಿನಲ್ಲಿ ಕಾಳುಕಡಿ ವ್ಯಾಪಾರ. ನರಗುಂದದ ಒಬ್ಬ ವರ್ತಕರ ಮನೆಗೆ ಹೋದಾಗ ಅಲ್ಲಿಯ ಬಚ್ಚಲಕ್ಕೆ ಟೈಲ್ಸ್ ಬದಲು ಪ್ಲಾಸ್ಟಿಕ್ಕಿನ ಪ್ಯಾನೆಲ್ ಹಾಕಿದ್ದನ್ನು ನೋಡಿ ಬಂದರು.

"ಅವ್ರ ಮನಿನೂ ಎರಿ ಭೂಮಿ ಮ್ಯಾಲ ಐತಿ. ಒಂದೂ ಬಿರುಕು ಕಾಣಂಗಿಲ್ಲ," ಎಂದರು ಊಟಕ್ಕೆ ಕುಳಿತಾಗ.

"ಕಾಣಂಗಿಲ್ಲೋ, ಇಲ್ಲೇ ಇಲ್ಲೋ?" ಎಂದು ಕೇಳಿದೆ.

"ಕಾಣಂಗಿಲ್ಲ. ಹಿಂದ ಇರಬೇಕು. ಇದ್ರ ಇರ್ಲಿ ಬಿಡು, ನಮ್ಮವ್ವನ ಕಾಲ್ಮ್ಯಾಲ ಬೀಳದಿದ್ರ ಸಾಕು."

ಆ ಭಾನುವಾರ ಇಬ್ಬರೂ ನರಗುಂದಕ್ಕೆ ಹೋದೆವು. ಪ್ಯಾನೆಲ್ ಅಂಗಡಿಯಲ್ಲಿ ಬಗೆಬಗೆಯ ಹಲಗೆಗಳು ಗೋಡೆಗೆ ಆನಿಸಿ ನಿಂತಿದ್ದವು. ಕೆಲವು ಅಮೃತಶಿಲೆಯಂತೆ, ಕೆಲವು ಸಾಗವಾನಿಯಂತೆ. ದೂರದಿಂದ ಎಲ್ಲವೂ ಬೇರೆ ಯಾವುದೋ ವಸ್ತುವಿನಂತೆಯೇ ಕಾಣುತ್ತಿದ್ದವು, ಹತ್ತಿರ ಹೋದರೆ ಎಲ್ಲವೂ ಪ್ಲಾಸ್ಟಿಕ್ಕು. ನನಗೆ ಅದು ಸರಿಬರಲಿಲ್ಲ. ಅಂಗಡಿಯವರು ಒಂದು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲಿನಂತೆ ಬಾಗಿಸಿ ಬಿಟ್ಟರು. ಅದು ಮತ್ತೆ ನೆಟ್ಟಗಾಯಿತು. ಒಂದರ ಅಂಚಿಗೆ ಇನ್ನೊಂದು ಸಿಕ್ಕಿಕೊಳ್ಳುತ್ತದೆ, ಹಿಂದೆ ಅಲ್ಯುಮಿನಿಯಂ ಪಟ್ಟಿ ಇರುತ್ತದೆ, ಗೋಡೆಗೆ ನೇರವಾಗಿ ಅಂಟಿರುವುದಿಲ್ಲ ಎಂದು ವಿವರಿಸಿದರು.

"ಬಿಸಿನೀರಿಗೆ ಏನಾರ ಆಗತೈತೇನ್ರಿ?" ಎಂದು ಕೇಳಿದೆ.

"ಜಳಕದ ನೀರಿಗೆ ಏನಾಗಂಗಿಲ್ರಿ. ಬೆಂಕಿ ಮುಂದ ಮಾತ್ರ ಇಡಬ್ಯಾಡ್ರಿ."

ನಾನು ಒಂದು ತುಂಡು ಕೇಳಿ ಮನೆಗೆ ತಂದೆ. ಒಂದು ವಾರ ಅದು ಬಚ್ಚಲದ ಬಕೆಟ್ಟಿನಲ್ಲಿ ಬಿಸಿನೀರಲ್ಲಿ ನೆನೆಯಿತು. ಅದಕ್ಕೆ ಎಣ್ಣೆ ಹಚ್ಚಿದೆ, ಸೀಗೆಪುಡಿ ಹಚ್ಚಿದೆ, ಅರಿಶಿನ ಹಚ್ಚಿದೆ. ಎಣ್ಣೆ ಹೋಯಿತು, ಸೀಗೆ ಹೋಯಿತು, ಅರಿಶಿನದ ಕಲೆ ಸ್ವಲ್ಪ ಉಳಿಯಿತು. ಅತ್ತೆ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಜಳಕಾ ಮಾಡೂದಂದ್ರ ಡಬ್ಬ್ಯಾಗ ಕುಂತಂಗ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರ ಹಗುರ ಐತಿ. ಬಿದ್ರೂ ಅಷ್ಟೇನ್ ಪೆಟ್ಟಾಗಂಗಿಲ್ಲ," ಎಂದೂ ಅಂದರು. ಅದೇ ಅವರ ಒಪ್ಪಿಗೆ.

ಅಣ್ಣನಿಗೆ ನಾನೇ ಫೋನ್ ಮಾಡಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎನಿಸಿತ್ತು. ಎರಡು ಟೈಲ್ಸ್ ಬಿದ್ದದ್ದು, ಅತ್ತೆಯ ಕಾಲು, ಡಾಕ್ಟರು ಹೇಳಿದ್ದು ಎಲ್ಲ ಹೇಳಿದೆ. ಕೊನೆಗೆ ಪ್ಯಾನೆಲ್ಲಿನ ಮಾತು ತೆಗೆದೆ.

"ಪ್ಲಾಸ್ಟಿಕ್ಕಾ?" ಎಂದ.

"ಹೂಂ ಅಣ್ಣಾ."

"ಟೈಲ್ಸ್ ಅಂಗಡ್ಯಾವನ ತಂಗಿ ಮನ್ಯಾಗ ಪ್ಲಾಸ್ಟಿಕ್."

"ಗ್ವಾಡಿ ಅಳ್ಳಾಡತೈತಿ. ನೀ ಬಂದು ನೋಡಿದ್ರ..."

"ಆತು. ನಿಮ್ಮ ಮನಿ, ನಿಮ್ಮ ಗ್ವಾಡಿ," ಎಂದು ಫೋನ್ ಇಟ್ಟ.

ಕೆಲಸಕ್ಕೆ ಬಂದವರು ಹಳೆಯ ಟೈಲ್ಸ್ ಕಿತ್ತಾಗ ಹಿಂದೆ ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಬಿರುಕು ಇಳಿದಿತ್ತು. ಅದನ್ನು ತುಂಬಿ, ನೀರು ಇಳಿಯದಂತೆ ಬಳಿದು, ಮೇಲೆ ಪಟ್ಟಿ ಬಡಿದು ಪ್ಯಾನೆಲ್ ಸಿಕ್ಕಿಸಿದರು. ನೆಲದ ಪರಸಿಕಲ್ಲು ಒರಟಾಗಿ ಚೆನ್ನಾಗಿಯೇ ಇತ್ತು, ಅದನ್ನು ಮುಟ್ಟಲಿಲ್ಲ. ನಲ್ಲಿಯ ಪಕ್ಕ, ಬಿರುಕು ಹಾದುಹೋದಲ್ಲೇ, ಪೈಪು ಸೋರಿದರೆ ಕೈಹಾಕಲು ಅಂಗೈಯಗಲದ ಒಂದು ಮುಚ್ಚಳ ಬಿಟ್ಟರು. ಹಸಿರು ಟೈಲ್ಸಿನ ಚೂರುಗಳನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕುವಾಗ ಹೂವಿನ ಸಾಲಿನದೊಂದು ಇಡಿಯಾಗಿ ಸಿಕ್ಕಿತು. ತೆಗೆದಿಡೋಣ ಎಂದುಕೊಂಡೆ. ಇಟ್ಟು ಏನು ಮಾಡುವುದು ಎನಿಸಿ ಬುಟ್ಟಿಗೇ ಹಾಕಿದೆ.

ಅತ್ತೆಗೆ ಶವರ್ ಒಗ್ಗಲಿಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಬೀಳುತ್ತದೆ ಎಂಬುದು ತಮ್ಮ ಕೈಯಲ್ಲಿ ಇರುವುದಿಲ್ಲ ಎಂಬುದು ಅವರ ತಕರಾರು. ಕೊನೆಗೆ ಕುರ್ಚಿಯ ಮೇಲೆ ಕುಳಿತು, ಶವರಿನಿಂದ ಬಕೆಟ್ ತುಂಬಿಸಿಕೊಂಡು, ತಂಬಿಗೆಯಿಂದ ಹಾಕಿಕೊಳ್ಳತೊಡಗಿದರು. ಡಾಕ್ಟರು ಹೇಳಿದ್ದರಲ್ಲಿ ಕುರ್ಚಿಯಷ್ಟೇ ನಡೆಯಿತು. ಅಷ್ಟಕ್ಕೇ ಮೊಣಕಾಲಿಗೆ ಆರಾಮ ಎಂದರು. ನನಗೂ ಒಂದು ಆರಾಮವಾಯಿತು. ಇಲ್ಲಿಯ ಬೋರಿನ ಸವಳು ನೀರಿಗೆ ಟೈಲ್ಸಿನ ಸಂದುಗಳೆಲ್ಲ ಬೆಳ್ಳಗಾಗುತ್ತಿದ್ದವು. ಈಗ ತಿಕ್ಕಲು ಸಂದುಗಳೇ ಕಡಿಮೆ. ಆದರೆ ನೀರು ಬಿದ್ದರೆ ಟೊಳ್ಳು ಸದ್ದು ಬರುತ್ತದೆ. ಆ ಸದ್ದು ನನಗೆ ಇಂದಿಗೂ ಸೇರಿಲ್ಲ.

ಅಣ್ಣ ಫೋನ್ ಮಾಡುವುದನ್ನು ನಿಲ್ಲಿಸಿದ. ನಾನು ಮಾಡಿದರೆ ಅವನ ಹೆಂಡತಿ, ನನ್ನ ವೈನಿ, ಎತ್ತುತ್ತಿದ್ದರು. ನಾಗರ ಪಂಚಮಿ ಬಂತು. ಮದುವೆಯಾದಾಗಿನಿಂದ ಪ್ರತಿ ಪಂಚಮಿಗೂ ಅವನೇ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಿದ್ದ. ಆ ಸಲ ವೈನಿಯ ಫೋನ್ ಬಂತು. "ಅವ್ರಿಗೆ ಅಂಗಡಿ ಕೆಲಸ ಭಾಳ ಐತ್ರಿ, ನೀವ ಬಸ್ಸಿಗೆ ಬಂದ್ಬಿಡ್ರಿ."

ಅಂಗಡಿ ಹಬ್ಬಕ್ಕೆ ಮುಚ್ಚಿರುತ್ತದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಹೋಗುವುದೋ ಬೇಡವೋ ಎಂದು ಯೋಚಿಸುತ್ತ ಕುಳಿತಿದ್ದಾಗ ಅತ್ತೆ, "ಕರಿಯಾಕ ಬಂದ್ರಷ್ಟ ತವರೇನು? ಚೀಲ ತುಂಬು," ಎಂದರು. ನಾನು ಹೊರಟೆ. ಬಸ್ಸಿನಲ್ಲಿ ಎಲ್ಲ ತವರಿಗೆ ಹೊರಟ ಹೆಂಗಸರೇ. ಒಬ್ಬೊಬ್ಬರ ಪಕ್ಕದಲ್ಲೂ ಅಣ್ಣನೋ ತಮ್ಮನೋ ಇದ್ದ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಅಣ್ಣ ಮನೆಯಲ್ಲೇ ಇದ್ದ. "ಬಂದ್ಯಾ?" ಎಂದ, ಅಷ್ಟೇ. ವೈನಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ತಂದಿಟ್ಟರು. ಊಟವಾದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಅವನು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ನಿನಗ ಟೈಲ್ಸ್ ಬ್ಯಾಡಾದ್ವು, ಅದಕ್ಕ ನನಗ ಸಿಟ್ಟಿಲ್ಲ," ಎಂದ. "ಗಿರಾಕಿ ದಿನಾ ಬ್ಯಾಡ ಅಂತಾರ. ಅಪ್ಪ ಇದ್ದಿದ್ರ ನಿನ್ನ ಮನಿಗೆ ಏನೇನು ಕೊಡತಿದ್ನೋ. ನನ್ನ ಹಂತ್ಯಾಕ ಇದ್ದದ್ದು ಅದ. ಅದನ್ನ ಬುಟ್ಟ್ಯಾಗ ತುಂಬಿ ಹೊರಗ ಹಾಕಿದ್ರಿ."

ಟೈಲ್ಸಿನ ವಿಷಯದಲ್ಲಿ ಅಪ್ಪನ ನೆನಪು ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ. ಅವನೂ ಅದನ್ನು ಎಂದೂ ಆಡಿರಲಿಲ್ಲ.

"ಅಡಗಿಮನ್ಯಾಗ ನೀ ಕೊಟ್ಟಾವು ಹಂಗ ಅದಾವ ಅಣ್ಣಾ. ಒಂದೂ ಅಳ್ಳಾಡಿಲ್ಲ. ಬಚ್ಚಲದ ಗ್ವಾಡಿಗೆ ಮಾತ್ರ ಯಾರ ಟೈಲ್ಸೂ ನಿಂದ್ರಂಗಿಲ್ಲ. ಟೈಲ್ಸ್ ಕಿತ್ತಾಗ ಹಿಂದ ನೆಲದತನ ಬಿರುಕು ಇಳದಿತ್ತು. ಅತ್ತಿ ಕಾಲಿಗೆ ಬಿದ್ದದ್ದು ತಲಿಗೆ ಬಿದ್ದಿದ್ರ?"

ಅವನು ಎಲೆ ಬಾಯಿಗಿಟ್ಟುಕೊಂಡ. ಮರುದಿನ ನಾನು ಬಸ್‌ಸ್ಟ್ಯಾಂಡಿಗೆ ಹೊರಟಾಗ ಗಾಡಿಯ ಕೀಲಿ ತೆಗೆದುಕೊಂಡು ಬಂದ. "ನಡಿ, ಬಿಟ್ಟು ಬರ್ತೀನಿ. ಆ ಬಿರುಕರ ನೋಡೂಣು."

ಮನೆ ಮುಟ್ಟಿ ಚಹಾ ಕುಡಿಯುವ ಮೊದಲೇ ಬಚ್ಚಲಕ್ಕೆ ಹೋದ. ಬೆರಳಿನ ಗೆಣ್ಣಿನಿಂದ ಪ್ಯಾನೆಲ್ಲಿಗೆ ಬಡಿದ. ನಾನು ಮುಚ್ಚಳ ತೆಗೆದು ಟಾರ್ಚ್ ಹಿಡಿದೆ. ಇಬ್ಬರೂ ಬಗ್ಗಿ ನೋಡಿದೆವು. ಬಿರುಕು ಇರಲಿಲ್ಲ. ಇತ್ತು, ಆದರೆ ಪೆನ್ಸಿಲ್ ಗೆರೆಯಷ್ಟು. ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಹೊಲಗಳೆಲ್ಲ ಉಬ್ಬಿ ಕುಳಿತಿದ್ದವು, ನಮ್ಮ ಗೋಡೆಯೂ.

"ಇದಾ?" ಎಂದ ಅಣ್ಣ.

"ಬ್ಯಾಸಿಗ್ಯಾಗ ಬಾ. ಆವಾಗ ತೋರಿಸ್ತೀನಿ," ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಅತ್ತೆ ಅಡುಗೆಮನೆಯಿಂದಲೇ, "ಖರೇನ ಐತಪಾ, ನಾ ಕಂಡೀನಿ," ಎಂದು ಕೂಗಿದರು. ಅಣ್ಣ ನಕ್ಕ. ನಂಬಿದ್ದಕ್ಕೆ ನಕ್ಕನೋ, ನಂಬದ್ದಕ್ಕೋ ತಿಳಿಯಲಿಲ್ಲ. ಆದರೆ ಅಂದಿನಿಂದ ಫೋನು ಮೊದಲಿನಂತೆ ಅವನೇ ಮಾಡತೊಡಗಿದ.

ಮುಂದಿನ ಬೇಸಿಗೆಯಲ್ಲಿ ಅವನ ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಕೊಡಲು ಒಂದು ಮಧ್ಯಾಹ್ನ ಬಂದ. ಹೊರಗೆ ಕಾಲಿಡಲಾರದಷ್ಟು ಬಿಸಿಲು. ಬಿರುಕಿನ ಮಾತು ನಾನು ಎತ್ತಲಿಲ್ಲ. ಕಾಲು ತೊಳೆಯಲು ಬಚ್ಚಲಕ್ಕೆ ಹೋದವನು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಮುಚ್ಚಳ ತೆಗೆದು, ಮೊಬೈಲ್ ಬೆಳಕು ಹಿಡಿದು, ತೋರುಬೆರಳನ್ನು ಗೋಡೆಯೊಳಗೆ ಇಟ್ಟಿದ್ದ. ಬೆರಳಿನ ಮೊದಲ ಗೆಣ್ಣು ಬಿರುಕಿನೊಳಗೆ ಇತ್ತು.

"ತಂಗಿ, ಇದೇನಿದು?" ಎಂದ ಮೆಲ್ಲಗೆ.

"ಅದ. ನಾ ಹೇಳಿದ್ದು."

ಅವನು ಬೆರಳು ತೆಗೆದು, ತಿರುಗಿ ಪ್ಯಾನೆಲ್ಲಿನ ಮೇಲೆ ಮೇಲಿಂದ ಕೆಳಗೆ ಕೈಯಾಡಿಸಿದ. ಎಲ್ಲೂ ಸೀಳಿರಲಿಲ್ಲ. ಒಪ್ಪಿಕೊಂಡೆ ಎಂದು ಅವನು ಬಾಯಿ ಬಿಟ್ಟು ಹೇಳಲಿಲ್ಲ. "ಚಂದ ಅಂತೂ ಇಲ್ಲ. ಡಬ್ಬಿ ಬಡಿದಂಗ ಕೇಳಸತೈತಿ. ನನ್ನ ಅಂಗಡ್ಯಾಗ ಇದನ್ನ ಇಡಂಗಿಲ್ಲ," ಎಂದ. ಆಮೇಲೆ ನೆಲದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಪ್ಯಾನೆಲ್ಲಿನ ಕೆಳ ಅಂಚನ್ನು ಉಗುರಿನಿಂದ ಕೆರೆದ. ಅಲ್ಲಿ ಸಂದು ಮುಚ್ಚಲು ಬಳಿದಿದ್ದ ಸಿಲಿಕೋನ್ ಅಂಟು ಎದ್ದು ಕಪ್ಪಾಗಿತ್ತು. ಅದು ನನಗೂ ಗೊತ್ತಿತ್ತು. ವಾರಕ್ಕೊಮ್ಮೆ ತಿಕ್ಕುತ್ತಿದ್ದೆ, ಹೋಗುತ್ತಿರಲಿಲ್ಲ.

"ಇಲ್ಲಿಂದ ನೀರು ಹಿಂದ ಹೋಗತೈತಿ. ಹಿಂಗ ಬಿಟ್ರ ಗ್ವಾಡಿ ಇನ್ನೂ ಕೆಡತೈತಿ," ಎನ್ನುತ್ತ ಎದ್ದು ಗಾಡಿಗೆ ಹೋದ. ಹಿಂದಿನ ಡಿಕ್ಕಿಯಲ್ಲಿ ಅಂಗಡಿಯ ಸಾಮಾನು ಯಾವಾಗಲೂ ಇರುತ್ತದೆ. ಸಿಲಿಕೋನಿನ ಕೊಳವೆ, ಅದನ್ನು ಹಿಂಡುವ ಗನ್ನು, ಒಂದು ಬ್ಲೇಡು ತಂದ. ಅಂಗಿ ಕಳಚಿ ಬನಿಯನ್ನಿನಲ್ಲಿ ಕುಳಿತು ಹಳೆಯದನ್ನೆಲ್ಲ ಕೆತ್ತಿ ತೆಗೆದ. ನಾನು ಒಣಬಟ್ಟೆ ಕೊಡುತ್ತ ಹೋದೆ. ಹೊಸದನ್ನು ಹಾಕಿ, ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಉದ್ದಕ್ಕೂ ಒರೆಸಿದ. ಹುಳಿ ವಾಸನೆ ಮನೆಯೆಲ್ಲ ತುಂಬಿತು.

"ನಾಳಿ ಮುಂಜಾನಿತನ ಯಾರೂ ನೀರು ಹಾಕಬ್ಯಾಡ್ರಿ," ಎಂದ ಅಂಗಿ ತೊಡುತ್ತ.

"ಇಂಥಾ ಧಗ್ಯಾಗ ಜಳಕಾ ಬಿಡಂತೀಯೇನಪಾ?" ಎಂದರು ಅತ್ತೆ.

"ಹಿತ್ತಲದಾಗ ಕುರ್ಚಿ ಹಾಕ್ಕೊಂಡು ಮಾಡ್ರಿ ಅತ್ತಿ, ಚಾದರ ನಾ ಕಟ್ಟಿಕೊಡ್ತೀನಿ," ಎಂದು ಅವನೇ ಹೋಗಿ ಬೇವಿನ ಗಿಡಕ್ಕೂ ಗೋಡೆಯ ಮೊಳೆಗೂ ಹಗ್ಗ ಬಿಗಿದು ಹಳೆಯ ಚಾದರ ಇಳಿಬಿಟ್ಟ. ರೊಟ್ಟಿ, ಮೊಸರು, ಶೇಂಗಾ ಚಟ್ನಿ ಊಟ ಮಾಡಿದ. ಪತ್ರಿಕೆಯನ್ನು ದೇವರ ಮುಂದೆ ಇಟ್ಟು, ಎಲ್ಲರೂ ಎರಡು ದಿನ ಮೊದಲೇ ಬರಬೇಕೆಂದು ಅತ್ತೆಗೆ ಬೇರೆಯಾಗಿ ಹೇಳಿದ. ಪುರ್ತಗೇರಿ ಎಂಬ ಊರಿನಲ್ಲಿ ಇನ್ನೂ ಕೆಲವು ಮನೆಗಳಿಗೆ ಪತ್ರಿಕೆ ಕೊಡುವುದಿತ್ತು. ಬಿಸಿಲು ಇಳಿಯುವುದನ್ನು ಕಾಯದೆ ಹೊರಟ.