ಸೀತನಿ ಸುಡದ ವರ್ಷ

ಹಂದಿಜ್ವರ ಬಂದ ವರ್ಷ. ಪುಣೆಯ ಅತ್ತೆ, ಅಂದರೆ ನಮ್ಮ ಅಜ್ಜಿಯ ಒಬ್ಬಳೇ ಮಗಳು, ಫೋನು ಮಾಡಿದಳು. "ಯವ್ವಾ, ಮುಖಕ್ಕ ಬಟ್ಟಿ ಕಟ್ಟಿಕೊಂಡು ತಿರುಗಿ ಸಾಕಾಗೈತಿ. ಆಜೂಬಾಜೂ ಮನಿಯವರ್ನೂ ಕರಕೊಂಡು ಸೀತನಿ ತಿನ್ನಾಕ ಬರತೇವಿ."

ಸೀತನಿಯೆಂದರೆ ಎಳೆ ಜೋಳದ ತೆನೆ. ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕಾಳು ತಿಕ್ಕಿ ತೆಗೆದು, ಶೇಂಗಾ ಚಟ್ನಿಯ ಜೊತೆ ಬಿಸಿಬಿಸಿ ತಿನ್ನುವುದು. ಅದಕ್ಕೆಂದೇ ಅತ್ತೆ ಪ್ರತಿ ವರ್ಷ ಕಿತ್ತೂರಿನಲ್ಲಿ ಬಸ್ಸಿಳಿದು ಬರುತ್ತಿದ್ದಳು. ಆದರೆ ಈ ಸಲ ಮನೆಯಲ್ಲಿ ಅಕ್ಕ ಚೊಚ್ಚಲ ಬಸುರಿ. ಈ ಜ್ವರ ಬಸುರಿಯರಿಗೆ ಕೆಟ್ಟದ್ದು, ಹೊರಗಿನ ಮಂದಿಯನ್ನು ಹತ್ತಿರ ಸೇರಿಸಬೇಡಿ ಎಂದು ಬೈಲಹೊಂಗಲದ ಡಾಕ್ಟರು ಹೇಳಿದ್ದರು. ಪುಣೆಯ ಸುದ್ದಿಯಂತೂ ದಿನಾ ಟೀವಿಯಲ್ಲಿತ್ತು.

ಈಗ ಅಜ್ಜಿ ಏನೆನ್ನುತ್ತಾಳೆ? ನಾನು ಕಿವಿ ನಿಮಿರಿಸಿ ನಿಂತೆ. ಮಗಳಿಗೆ ತವರಿಗೆ ಬರಬೇಡ ಎಂದ ತಾಯಿಯನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಊರಾಗ ವಾರ ಹಿಡದೈತಿ ಮಗಳ," ಎಂದಳು ಅಜ್ಜಿ, ರೆಪ್ಪೆ ಬಡಿಯದೆ. "ಐದ ವಾರ ಮುಗಿಯೂತನಕ ಹೊಲದಾಗ ಏನೂ ಸುಡಾಂಗಿಲ್ಲ, ಹೊರಗಿನವರು ವಸ್ತಿ ಇರಾಂಗಿಲ್ಲ."

"ಹೌದೇನ?" ಎಂದ ಅತ್ತೆ ಫೋನು ಇಟ್ಟೇಬಿಟ್ಟಳು.

ವಾರ ಹಿಡಿಯುವುದೆಂದರೆ ಊರದೇವಿಯ ಹೆಸರಿನಲ್ಲಿ ಐದು ಮಂಗಳವಾರ ರೊಟ್ಟಿ ಬಡಿಯದೆ, ಒಗ್ಗರಣೆ ಹಾಕದೆ, ಅವು ಮುಗಿಯುವ ತನಕ ಹೊಲದಲ್ಲಿ ಬೆಂಕಿ ಹಚ್ಚದೆ, ಹೊರಗಿನವರನ್ನು ಉಳಿಸಿಕೊಳ್ಳದೆ ಇರುವ ಕಟ್ಟು. ಆದರೆ ಊರಲ್ಲಿ ಡಂಗುರವೇ ಹೊಡೆದಿರಲಿಲ್ಲ!

"ಅಜ್ಜೀ, ಸುಳ್ಳ ಹೇಳಿದೆಲ್ಲ?" ಎಂದೆ ನಾನು.

"ದೇವಿ ಹೆಸರಿನ್ಯಾಗ ಸುಳ್ಳ ಹೇಳಾಕ ಬರತೈತೇನ? ಈ ಮಂಗಳವಾರದಿಂದ ನಮ್ಮ ಮನ್ಯಾಗ ವಾರ."

ಅಜ್ಜಿಯ ಮಾತು ನಿಜವಾಗಲೆಂದು ನಾವೆಲ್ಲ ಐದೂ ಮಂಗಳವಾರ ನುಚ್ಚು, ಒಗ್ಗರಣೆಯಿಲ್ಲದ ಸಾರು ಉಂಡೆವು; ಹೊಲದಲ್ಲಿ ಬೆಂಕಿ ಹಚ್ಚಲಿಲ್ಲ. ಕಣ್ಣೆದುರೇ ತೆನೆ ಬಲಿತು ಗಟ್ಟಿ ಜೋಳವಾಯಿತು. ನನಗಂತೂ ಸಿಟ್ಟೇ ಬಂದಿತ್ತು. ಆದರೆ ಅಜ್ಜಿಯನ್ನು ನೋಡಿದರೆ ಬಾಯಿ ಬರುತ್ತಿರಲಿಲ್ಲ. ಫೋನು ರಿಂಗಾದರೆ ಎಲ್ಲರಿಗಿಂತ ಮೊದಲು ಏಳುವವಳು ಅವಳೇ. ಅತ್ತೆಯದಲ್ಲ ಎಂದು ತಿಳಿದಾಗ ಮುಖ ಸಣ್ಣದಾಗುತ್ತಿತ್ತು. ಮಗಳು ಮುನಿಸಿಕೊಂಡು ತವರನ್ನೇ ಬಿಟ್ಟರೆ? ಅಕ್ಕ ಸುಖವಾಗಿ ಹೆತ್ತ ಸುದ್ದಿ ತಿಳಿಸಿದಾಗಲೂ ಅತ್ತೆ, "ಚಲೋ ಆತು," ಎಂದಷ್ಟೇ ಅಂದಿದ್ದಳು.

ಜ್ವರದ ಸುದ್ದಿ ತಣ್ಣಗಾದ ಮೇಲೆ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅತ್ತೆ ಒಬ್ಬಳೇ ಬಂದಳು. ಕೈಕಾಲು ತೊಳೆದು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯನ್ನು ನೋಡಿದಳು.

"ಯವ್ವಾ, ಸೀತನಿ ಹಂಗಾಮಿನ್ಯಾಗ ಈ ಊರಾಗ ಎಂದರ ವಾರ ಹಿಡದದ್ದು ಐತೇನ? ನಾ ಇಲ್ಲೇ ಹುಟ್ಟಿದಾಕಿ."

ಅಜ್ಜಿ ಸೆರಗಿನ ತುದಿ ತಿರುವುತ್ತ ಕುಳಿತಳು.

"ಬ್ಯಾಡ ಅನ್ನಾಕ ನಿನಗ ಬಾಯಿ ಬರಲಿಲ್ಲ, ಅಷ್ಟ ತಿಳೀತು. ವಾರ ಅಂತ ಬಾಯಿಲೆ ಅಂದಮ್ಯಾಲೆ ನೀ ಹಿಡದ ಹಿಡೀತಿ ಅಂತ ಗೊತ್ತಿತ್ತು, ನಾನೂ ಹಿಡದೆ. ಪುಣೇದಾಗ ನಮ್ಮ ಮನ್ಯಾಗೂ ಐದ ಮಂಗಳವಾರ ರೊಟ್ಟಿ ಬಡೀಲಿಲ್ಲ."

ಅಜ್ಜಿ ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸೊಸೆ, ಅಂದರೆ ನಮ್ಮವ್ವ, ಇದ್ದರೂ ಆ ಹೊತ್ತಿನ ರೊಟ್ಟಿಯನ್ನೆಲ್ಲ ತಾನೇ ಬಡಿದಳು.